ಹಂಗಿಲ್ಲದ ಗಾಡಿ

ಕ್ಯಾಂಪರ್ ವ್ಯಾನಿನ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಒಬ್ಬ ಗಂಡ, ಒಬ್ಬಳು ಹೆಂಡತಿ, ಒಂದು ಬಿಳಿ ವ್ಯಾನು. ಹಿಂದಿನ ಬಾಗಿಲು ತೆರೆದರೆ ಸಮುದ್ರ. ಕೈಯಲ್ಲಿ ಕಾಫಿ ಲೋಟ, ಹಿನ್ನೆಲೆಗೆ ಗಿಟಾರು. ಎಲ್ಲರೂ ಕೊನೆಗೆ ಹೇಳೋದು ಒಂದೇ ಮಾತು: ಹೋಟೆಲಿನ ಗೊಡವೆ ಇಲ್ಲ, ಬುಕಿಂಗ್ ತಲೆನೋವಿಲ್ಲ, ಯಾರ ಹಂಗೂ ಇಲ್ಲ.

ನಮ್ಮ ಮನೆಯವರು ಮರುಳಾಗಿದ್ದು ಆ ಕೊನೆಯ ಮಾತಿಗೆ. ಇವರು ಮೂವತ್ತು ಚಿಲ್ಲರೆ ವರ್ಷ ವಿದ್ಯುತ್ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಪಕ್ಕದ ಮನೆಯಿಂದ ನಾನು ಒಂದು ಲೋಟ ಸಕ್ಕರೆ ತಂದರೆ ಸಂಜೆಯೊಳಗೆ ವಾಪಸ್ ಕೊಡಿಸುವ ಜನ. ದಾರಿ ತಪ್ಪಿದರೂ ಗಾಡಿ ನಿಲ್ಲಿಸಿ ಯಾರನ್ನೂ ಕೇಳೋದಿಲ್ಲ. ಮುಂದೆ ಎಲ್ಲೋ ಬೋರ್ಡು ಇರುತ್ತೆ ಅಂತ ಹೋಗುತ್ತಲೇ ಇರುತ್ತಾರೆ. ಅಂಥವರಿಗೆ ಅಡುಗೆಮನೆ, ಹಾಸಿಗೆ, ನೀರು, ಕರೆಂಟು ಎಲ್ಲವನ್ನೂ ಬೆನ್ನಿಗೆ ಕಟ್ಟಿಕೊಂಡು ಓಡುವ ಗಾಡಿ ಕಂಡರೆ ಹೇಗಾಗಬೇಡ!

ಹಾಗಾಗಿ ಜನವರಿಯಲ್ಲಿ ಬೆಂಗಳೂರಿನಿಂದ ಒಂದು ವ್ಯಾನು ಬಾಡಿಗೆಗೆ ತಂದೆವು. ಶಿರಾಡಿ ಘಾಟಿ ಇಳಿದು ಮಂಗಳೂರು, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಕಾರವಾರದವರೆಗೆ. ಹಳೆಯವರು ಈಗಲೂ 17 ಅಂತಲೇ ಕರೆಯುವ ದಾರಿ. ಹೋಗಿ ಬಂದ ಮೇಲೆ ನಾನು ಹೇಳೋದು ಇಷ್ಟು. ನಮ್ಮ ಕರಾವಳಿಯಲ್ಲಿ ಈ ಗಾಡಿಯಷ್ಟು ಇನ್ನೊಬ್ಬರ ಹಂಗಿನಲ್ಲಿ ಓಡುವ ಗಾಡಿ ಬೇರೆ ಇಲ್ಲ. ನೀರಿಗೆ ಕೇಳಬೇಕು, ನಿಲ್ಲಿಸೋಕೆ ಜಾಗ ಕೇಳಬೇಕು, ಟಾಯ್ಲೆಟ್ಟಿಗೆ ಕೇಳಬೇಕು. ಲಾಡ್ಜಿಗೆ ಹೋದರೆ ಒಬ್ಬ ಮ್ಯಾನೇಜರ್ ಹತ್ತಿರ ಮಾತಾಡಿದರೆ ಮುಗೀತು. ವ್ಯಾನಿನಲ್ಲಿ ಹೋದರೆ ಊರಿಗೆ ಊರನ್ನೇ ಮಾತಾಡಿಸಬೇಕು.

ಗಾಡಿಯ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕಂದ್ರೆ ಎಲ್ಲರೂ ಅದನ್ನೇ ಕೇಳ್ತಾರೆ. ಅದು ಟೆಂಪೋ ಟ್ರಾವೆಲರ್. ಸೀಟು ಕಿತ್ತು ಹಾಸಿಗೆ ಹಾಕಿದ್ದಾರೆ. ಹಿಂದೆ ಆರಡಿಗೆ ನಾಲ್ಕಡಿ ಮಂಚ, ಅದರ ಕೆಳಗೆ ನೂರು ಲೀಟರ್ ನೀರಿನ ಟ್ಯಾಂಕು. ಒಂದು ಸಿಂಕು, ಒಂದು ಒಲೆ, ಬೀರು ಅಂತ ಕರೆಯಬಹುದಾದ ಒಂದು ಗೂಡು. ಮೂಲೆಯಲ್ಲಿ ಪರದೆ ಎಳೆದರೆ ಸ್ನಾನದ ಮನೆ, ಅಲ್ಲೇ ಡಬ್ಬದ ಟಾಯ್ಲೆಟ್ಟು. ಡಬ್ಬ ತುಂಬಿದ ಮೇಲೆ ಹೊರಗೆ ಎಳೆದು ಖಾಲಿ ಮಾಡಬೇಕು. ಮೇಲೆ ಸೋಲಾರ್.

ಬ್ಯಾಟರಿ ನೋಡಿದ ತಕ್ಷಣ ಇವರ ಇಲಾಖೆ ಬುದ್ಧಿ ಎದ್ದಿತು. 12 ವೋಲ್ಟು, 200 ಆಂಪಿಯರ್ ಅವರ್. ಅಂದರೆ ಹೆಚ್ಚುಕಮ್ಮಿ ಎರಡೂವರೆ ಯೂನಿಟ್. ಎಸಿ ಗಂಟೆಗೆ ಸುಮಾರು ಒಂದು ಯೂನಿಟ್ ತಿನ್ನುತ್ತೆ. "ಎರಡು ಗಂಟೆ ಎಸಿ ಹಾಕಿದರೆ ಬೆಳಗಿನ ಕಾಫಿಗೆ ಲೈಟೂ ಇಲ್ಲ, ನೋಡಿಕೋ" ಅಂದರು. ಹೊರಡೋಕೆ ಮೊದಲೇ ಫ್ಯಾನು ಸಾಕು ಅಂತ ತೀರ್ಮಾನವಾಯಿತು. ಆ ಫ್ಯಾನು ನಿಜಕ್ಕೂ ಸಾಕಾಯಿತು. ಜನವರಿಯಲ್ಲಿ ಕಡಲ ತೀರದ ರಾತ್ರಿ ಹಿತವಾಗೇ ಇರುತ್ತೆ. ಹಗಲಿನ ಕಥೆ ಬೇರೆ. ಟವೆಲ್ಲು ಒಣಗೋದಿಲ್ಲ. ಉಪ್ಪು ಡಬ್ಬಿಯಲ್ಲೇ ನೀರಾಗುತ್ತೆ. ಹಪ್ಪಳ ಹೊರಗೆ ತೆಗೆದು ಹತ್ತು ನಿಮಿಷಕ್ಕೆ ಮೆತ್ತಗಾಗುತ್ತೆ.

ನಮ್ಮ ಮಗಳು ನ್ಯೂಜಿಲೆಂಡಿನಲ್ಲಿದ್ದಾಳೆ. ಅವಳೂ ಅಳಿಯಂದಿರೂ ಅಲ್ಲಿ ಇಂಥದ್ದೇ ವ್ಯಾನಿನಲ್ಲಿ ದಕ್ಷಿಣ ದ್ವೀಪ ಸುತ್ತಿದವರು. ಅಲ್ಲಿ ಕ್ಯಾಂಪಿಂಗ್ ಜಾಗಗಳಿವೆ, ಕರೆಂಟಿನ ಪಾಯಿಂಟು, ಕುಡಿಯುವ ನೀರಿನ ನಲ್ಲಿ ಇರುತ್ತೆ. ಟಾಯ್ಲೆಟ್ ಡಬ್ಬ ಖಾಲಿ ಮಾಡೋಕೆ ಊರೂರಲ್ಲಿ ಡಂಪ್ ಸ್ಟೇಷನ್ ಅಂತ ಪ್ರತ್ಯೇಕ ಗುಂಡಿಯೇ ಇದೆಯಂತೆ. ಎಷ್ಟೋ ದಿನ ಗಂಡನ ಹೊರತು ಇನ್ನೊಬ್ಬರ ಮುಖ ನೋಡಲಿಲ್ಲ ಅಂತ ಅವಳು ಖುಷಿಯಿಂದ ಹೇಳಿದ್ದಳು. ನಾನು ಫೋನಿನಲ್ಲಿ "ಅಯ್ಯೋ ಪಾಪ" ಅಂದೆ. ಅವಳಿಗೆ ಅರ್ಥ ಆಗಲಿಲ್ಲ ಅನ್ನಿಸುತ್ತೆ.

ಇಲ್ಲಿ ಡಂಪ್ ಸ್ಟೇಷನ್ ಎಲ್ಲಿಂದ ಬರಬೇಕು? ಆ ಡಬ್ಬವನ್ನು ಮುಟ್ಟೋದೇ ಬೇಡ ಅಂತ ನಾನು ಮೊದಲೇ ಕಟ್ಟುನಿಟ್ಟು ಮಾಡಿದ್ದೆ. ಹಾಗಾಗಿ ದಾರಿಯುದ್ದಕ್ಕೂ ನನ್ನ ನಕ್ಷೆಯೇ ಬೇರೆ. ಪೆಟ್ರೋಲ್ ಬಂಕು, ದೇವಸ್ಥಾನ, ದೊಡ್ಡ ಹೋಟೆಲು. ಬಂಕಿನಲ್ಲಿ ಹೆಂಗಸರ ಟಾಯ್ಲೆಟ್ಟಿಗೆ ಬೀಗ ಇರುತ್ತೆ, ಬೀಗದ ಕೈ ಇನ್ಯಾರದ್ದೋ ಜೇಬಿನಲ್ಲಿರುತ್ತೆ. ಪಡುಬಿದ್ರಿ ಮತ್ತು ಹೊನ್ನಾವರದ ಹತ್ತಿರದ ಕಾಸರಕೋಡು ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದೆ. ಪತ್ರಿಕೆಯವರು ನೀರಿನ ಶುದ್ಧತೆ, ಪರಿಸರ ಅಂತೆಲ್ಲ ಬರೆದರು. ನನ್ನ ಮಟ್ಟಿಗೆ ಆ ನೀಲಿ ಬಾವುಟ ಅಂದರೆ ಒಳಗಿನಿಂದ ಚಿಲಕ ಬೀಳುವ, ನೀರು ಬರುವ ಟಾಯ್ಲೆಟ್ಟು. ಗಂಡಸರು ಬರೆದ ಪ್ರವಾಸ ಕಥನಗಳಲ್ಲಿ ಈ ವಿಷಯ ಬರೋದೇ ಇಲ್ಲ, ಗಮನಿಸಿದ್ದೀರಾ?

ಮೊದಲ ರಾತ್ರಿ ಕಾಪುವಿನಲ್ಲಿ. ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಇದೆಯಲ್ಲ, ಅದರ ಬುಡದಲ್ಲಿ ವ್ಯಾನು ನಿಲ್ಲಿಸಿ ಸಮುದ್ರ ನೋಡುತ್ತಾ ಮಲಗೋದು ಅಂತ ಇವರ ಲೆಕ್ಕ. ಸಂಜೆ ಸೂರ್ಯ ಮುಳುಗೋದು ಕಂಡಿತು, ಜನ ಖಾಲಿಯಾದರು. ಪಾರ್ಕಿಂಗ್ ನೋಡಿಕೊಳ್ಳುವ ಹುಡುಗ ಬಂದು ರಾತ್ರಿ ಇಲ್ಲಿ ಬಿಡೋದಿಲ್ಲ ಸಾರ್ ಅಂದ. ಅವನ ತಪ್ಪೇನೂ ಇಲ್ಲ. ಹಾಗಾದರೆ ಎಲ್ಲಿ ಅಂತ ಇವರು ಕೇಳಲಿಲ್ಲ, ನಾನು ಕೇಳಿದೆ. "ಯಾರ ಮನೆಯ ಅಂಗಳದಲ್ಲಾದರೂ ಹಾಕಿ" ಅಂದ, ಅದು ಪ್ರಪಂಚದಲ್ಲಿ ಅತ್ಯಂತ ಸಹಜವಾದ ವಿಷಯ ಅನ್ನುವಂತೆ.

ತೆಂಗಿನ ತೋಟದ ನಡುವೆ ಸಣ್ಣ ದಾರಿ. ವ್ಯಾನಿನ ತಲೆ ಎತ್ತರ. ಮನೆಯಿಂದ ಮನೆಗೆ ಜೋತುಬಿದ್ದ ಸರ್ವೀಸ್ ವೈರುಗಳು. ಇವರು ಇಳಿದು, ಟಾರ್ಚು ಬಿಟ್ಟು, ಕತ್ತು ಎತ್ತಿ ಒಂದೊಂದೇ ವೈರು ನೋಡುತ್ತಾ ಮುಂದೆ ನಡೆದರು. ಅಷ್ಟು ಹೊತ್ತಿಗೆ ಎರಡು ಮನೆಯ ಜನ ಹೊರಗೆ ಬಂದಿದ್ದರು. ಕರೆಂಟಿನವರು ಬಂದರು ಅಂದುಕೊಂಡರಂತೆ. ಒಬ್ಬರು ಹೋಗಿ ಇವರ ಹತ್ತಿರ ವೋಲ್ಟೇಜ್ ದೂರು ಹೇಳೋಕೆ ಶುರು ಮಾಡಿದರು, ಇವರು ಸುಮ್ನೆ ಇರದೆ ಪೂರ್ತಿ ಕೇಳಿಸಿಕೊಂಡು ಲೋಡ್ ಬ್ಯಾಲೆನ್ಸ್ ಬಗ್ಗೆ ಉತ್ತರವನ್ನೂ ಕೊಟ್ಟರು. ಜಾಗ ಕೇಳುವ ಕಷ್ಟ ಹೀಗೆ ತಪ್ಪಿತು.

ಆ ಮನೆಯ ಯಜಮಾನಿಗೆ ಎಂಬತ್ತರ ಆಸುಪಾಸು. ವ್ಯಾನಿನ ಬಾಗಿಲ ಹತ್ತಿರ ಬಂದು "ಉಲಾಯಿ ದಾದ ಉಂಡು?" ಅಂತ ಮೊಮ್ಮಗನನ್ನು ಕೇಳಿದರು. ಒಳಗೇನಿದೆ ಅಂತ. ಬನ್ನಿ ಅಮ್ಮ ಅಂತ ಕೈ ಹಿಡಿದು ಹತ್ತಿಸಿದೆ. ಮಂಚದ ಮೇಲೆ ಕೂತರು. ಸಿಂಕಿನ ನಲ್ಲಿ ತಿರುಗಿಸಿ ನೂಲಿನಂತೆ ಬರುವ ನೀರಿಗೆ ಕೈ ಒಡ್ಡಿದರು. ಒಲೆ ನೋಡಿದರು, ಪರದೆ ಸರಿಸಿ ಡಬ್ಬ ನೋಡಿದರು, ಏನೂ ಹೇಳಲಿಲ್ಲ. ಇಳಿಯುವಾಗ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಎಲ್ಲ ಉಂಟು. ಬಾವಿ ಒಂದಿಲ್ಲ ಅಲ್ವಾ?" ಅಂದರು.

ಬೆಳಗ್ಗೆ ಆ ಮನೆಯ ಬಚ್ಚಲಿನಲ್ಲಿ ತಾಮ್ರದ ಹಂಡೆಯ ತುಂಬ ಬಿಸಿನೀರು. ತೆಂಗಿನ ಸಿಪ್ಪೆ, ಗರಿ ಉರಿಸಿ ಕಾಯಿಸಿದ್ದು, ಹೊಗೆಯ ವಾಸನೆ ನೀರಿಗೂ ಹತ್ತಿತ್ತು. ಮಳೆಗಾಲ ಮುಗಿದು ಮೂರು ತಿಂಗಳಾದರೂ ಬಾವಿಯ ನೀರು ಕೈಗೆ ಎಟಕುವಷ್ಟು ಮೇಲೆ. ಮಂಡ್ಯದ ಕಡೆಯವಳಾದ ನನಗೆ ಅದು ಸಮುದ್ರಕ್ಕಿಂತ ದೊಡ್ಡ ದೃಶ್ಯ. ನಮ್ಮ ಟ್ಯಾಂಕಿಗೆ ಆ ಹುಡುಗ ಕೊಡದಲ್ಲಿ ನೀರು ಸೇದಿ ಸೇದಿ ಹಾಕಿದ. ಇವರು ಜೇಬಿಗೆ ಕೈ ಹಾಕಿದರು. "ನೀರಿಗೆ ಎಂತ ದುಡ್ಡು?" ಅಂತ ಅವನು ನಕ್ಕ. ಇವರು ಆ ದಿನವೆಲ್ಲ ಅದನ್ನೇ ಯೋಚಿಸಿದರು. ಮಧ್ಯಾಹ್ನ ಊಟಕ್ಕೆ ಕೂತಾಗ "ಮೈಸೂರುಪಾಕಿನ ಒಂದು ಡಬ್ಬನಾದರೂ ತರಬೇಕಿತ್ತು ಕಣೇ" ಅಂದರು.

ಮಲ್ಪೆ, ಸೇಂಟ್ ಮೇರೀಸ್ ದ್ವೀಪ ಎಲ್ಲ ನಿಮಗೆ ಗೊತ್ತಿರೋದೇ. ಗಾಡಿ ಅಲ್ಲಿಗೆ ಹೋಗೋದಿಲ್ಲ, ದೋಣಿಗೆ ಸರತಿ ದೊಡ್ಡದು, ನಾವು ಮುಂದೆ ಹೋದೆವು. ಮರವಂತೆಯ ಬಗ್ಗೆ ಮಾತ್ರ ಹೇಳಲೇಬೇಕು. ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ನದಿ ಸಮುದ್ರದ ಹತ್ತಿರಕ್ಕೆ ಬಂದು, ಇನ್ನೇನು ಸೇರಿತು ಅನ್ನುವಾಗ ಮನಸ್ಸು ಬದಲಿಸಿ, ಪಕ್ಕದಲ್ಲೇ ಹರಿದು ಗಂಗೊಳ್ಳಿಗೆ ಹೋಗಿ ಬೇರೆ ನದಿಗಳ ಜೊತೆ ಕಡಲು ಸೇರುತ್ತೆ. ಮುಂದಿನ ಸೀಟಿನಲ್ಲಿ ಕೂತು ನೋಡಿದರೆ ಇದಕ್ಕಿಂತ ಚೆಂದದ ದಾರಿ ನಾನಂತೂ ನೋಡಿಲ್ಲ. ಆದರೆ ಅಲ್ಲಿ ಗಾಡಿ ನಿಲ್ಲಿಸಿ ವಾಸ ಮಾಡಿ ನೋಡಿ. ಚತುಷ್ಪಥ ರಸ್ತೆ. ಲಾರಿ ಹೋದಾಗಲೆಲ್ಲ ಸಿಂಕಿನ ಲೋಟ ಗಡಗಡ ಅನ್ನುತ್ತೆ. ಮಳೆಗಾಲದ ಅಲೆಗಳು ರಸ್ತೆ ತಿನ್ನದಿರಲಿ ಅಂತ ಕಲ್ಲು ಸುರಿದಿದ್ದಾರೆ, ನೀರಿಗೆ ಇಳಿಯೋದೂ ಅಪಾಯ. ಕಾರಿನವರು ಐದು ನಿಮಿಷ ನಿಂತು ಸೆಲ್ಫಿ ತೆಗೆದು ಹೋಗುತ್ತಾರೆ. ಅವರೇ ಜಾಣರು. ಮರವಂತೆ ಹಾದುಹೋಗುವ ಜಾಗ. ನಾವು ಅಲ್ಲಿಂದ ಎದ್ದು ಸ್ವಲ್ಪ ದೂರದ ಒಂದು ಮೀನುಗಾರರ ಕೇರಿಗೆ ಹೋದೆವು.

ಅಲ್ಲಿ ಬೆಳಿಗ್ಗೆ ಕೈರಂಪಣಿ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಸಮುದ್ರದಲ್ಲಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು, ಅದರ ಎರಡು ತುದಿಯ ಹಗ್ಗಗಳನ್ನು ದಡಕ್ಕೆ ತರುತ್ತಾರೆ. ಆಮೇಲೆ ಎರಡು ಸಾಲು ಜನ ನಿಂತು ಎಳೆಯೋದು. ಒಬ್ಬರು "ಹ್ವಾಯ್, ನಿಂತ್ಕಂಡ್ ಎಂತ ಕಾಣ್ತ್ರಿ, ಕೈ ಹಾಕಿ ಮಾರ್ರೆ" ಅಂದರು. ಇವರು ಪ್ಯಾಂಟು ಮಡಚಿದರು. ನಾನೂ ಸೆರಗು ಸಿಕ್ಕಿಸಿದೆ.

ಹಗ್ಗ ಒದ್ದೆ, ಒರಟು, ನಾವು ಅಂದುಕೊಂಡದ್ದಕ್ಕಿಂತ ದಪ್ಪ. ಎಳೆಯೋದು ಕೈಯಿಂದಲ್ಲ. ಹಗ್ಗವನ್ನು ಸೊಂಟಕ್ಕೆ ಒತ್ತಿ ಹಿಡಿದು, ಹಿಮ್ಮಡಿ ಮರಳಿಗೆ ಊರಿ, ಮೈಭಾರವನ್ನೆಲ್ಲ ಹಿಂದಕ್ಕೆ ಬಿಡಬೇಕು. ಅಲೆ ಹಿಂದೆ ಸರಿಯುವಾಗ ಬಲೆಯೂ ಅದರ ಜೊತೆ ಹೋಗೋಕೆ ನೋಡುತ್ತೆ, ಆಗ ಸುಮ್ಮನೆ ಹಿಡಿದು ನಿಲ್ಲಬೇಕು. ಮುಂದಿನ ಅಲೆ ದಡಕ್ಕೆ ನುಗ್ಗುವಾಗ ಎಳೆಯಬೇಕು. ಅದು ಗೊತ್ತಿಲ್ಲದೆ ಇವರು ಪೂರ್ತಿ ಹೊತ್ತು ಜಗ್ಗುತ್ತಿದ್ದರು. ಪಕ್ಕದ ಹುಡುಗ ಇವರ ಮುಂಗೈ ಮೇಲೆ ಕೈ ಇಟ್ಟು ತಡೆದು, ಸಮುದ್ರದ ಕಡೆ ಗಲ್ಲ ತೋರಿಸಿದ. ಅಷ್ಟೇ ಪಾಠ. ಸಾಲಿನ ಹಿಂದಿನ ತುದಿಯವರು ಹಗ್ಗ ಬಿಟ್ಟು ಮತ್ತೆ ನೀರಿನ ಅಂಚಿಗೆ ಹೋಗಿ ಹಿಡಿಯುತ್ತಾರೆ. ಹಾಗೇ ಸುತ್ತು. ಯಾರು ಹೇಳೋದೂ ಇಲ್ಲ, ಕೇಳೋದೂ ಇಲ್ಲ. ಬಹಳ ಹೊತ್ತಾದ ಮೇಲೆ ಬಲೆಯ ಹೊಟ್ಟೆ ಕಂಡಿತು. ಬೈಗೆ ಅನ್ನುವ ಸಣ್ಣ ಮೀನು, ಒಂದಷ್ಟು ಬಂಗುಡೆ, ಸಿಟ್ಟಾದ ಏಡಿಗಳು, ಅಂಟಂಟು ಲೋಳೆಮೀನು, ಪ್ಲಾಸ್ಟಿಕ್ ಚೀಲ, ಒಂದು ಒಂಟಿ ಚಪ್ಪಲಿ. ಇಷ್ಟು ಜನರ ಬೆವರಿಗೆ ಇಷ್ಟೇನಾ ಅನ್ನಿಸಿತು ನನಗೆ. ದೊಡ್ಡ ದೋಣಿಗಳು ಬಂದ ಮೇಲೆ ಹೀಗೇ ಅಂದರು ಒಬ್ಬ ಹಿರಿಯರು.

ನಾವು ಹೊರಟೆವು. ಒಬ್ಬರು ಕರೆದು ಒಂದು ತೆಂಗಿನ ಗರಿಗೆ ಬೈಗೆ ಸುರಿದು ಕೊಟ್ಟರು. ಇವರು "ಬೇಡ ಬೇಡ, ಎಷ್ಟು ಹೇಳಿ" ಅಂತ ಮತ್ತೆ ಜೇಬಿಗೆ ಕೈ. "ಎಳ್ದಿರಿ ಅಲ್ದಾ? ಪಾಲ್ ತಕಣಿ" ಅಂದರು ಅವರು, ಸ್ವಲ್ಪ ಗದರಿಸಿದ ದನಿಯಲ್ಲೇ. ಇವರು ಸಂಬಳ, ಪಿಂಚಣಿ ಬಿಟ್ಟು ಜನ್ಮದಲ್ಲಿ ಇನ್ನೊಂದು ದುಡಿಮೆ ಕಂಡವರಲ್ಲ. ಆ ಗರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ವ್ಯಾನಿನವರೆಗೆ ನಡೆದದ್ದು ನೋಡಬೇಕಿತ್ತು.

ನಮಗೆ ಮಟನ್ನು ಗೊತ್ತು, ಕೆರೆ ಮೀನು ಗೊತ್ತು. ಬೈಗೆ ಹಸನು ಮಾಡೋದು ಗೊತ್ತಿಲ್ಲ. ಹಿಂದೆಯೇ ಬಂದ ಒಬ್ಬಾಕೆ ನನ್ನ ಕೈಯಿಂದ ಚಾಕು ಕಿತ್ತು ಬದಿಗಿಟ್ಟು, ಹೆಬ್ಬೆರಳಲ್ಲಿ ಪೊರೆ ಉಜ್ಜಿ, ತಲೆ ಹಿಂದಕ್ಕೆ ಮುರಿದು ಎಳೆದರು. ಕರುಳೆಲ್ಲ ಜೊತೆಗೇ ಬಂತು. ಒಂದು ಮೀನಿಗೆ ಐದು ಸೆಕೆಂಡು. ಸಾರಿಗೆ ನಾಲ್ಕು ಜುಮ್ಮನಕಾಯಿ ಹಾಕು ಅಂತ ತಮ್ಮ ಸೊಂಟದ ಚೀಲದಿಂದಲೇ ತೆಗೆದುಕೊಟ್ಟರು. ಒಣಗಿದ, ಸಣ್ಣ, ಬಾಯಿ ಬಿಟ್ಟ ಕಾಯಿ. ಕಚ್ಚಿದರೆ ನಾಲಿಗೆ ಜುಮ್ ಅನ್ನುತ್ತೆ. ವ್ಯಾನಿನ ಒಳಗೆ ಮೀನು ಮಾಡಬಾರದು ಅಂತ ಬಾಡಿಗೆ ಕೊಟ್ಟವರು ಬರೆಸಿಕೊಂಡಿದ್ದರು. ಹಾಗಾಗಿ ಅಡುಗೆಯೂ ಅವರ ಅಂಗಳದ ಒಲೆಯಲ್ಲೇ ಆಯಿತು.

ಅದೇ ಊರಿನ ಆಚೆ ಆ ರಾತ್ರಿ ಬಯಲಾಟ ಇತ್ತು. ಯಾರದೋ ಮನೆಯ ಹರಕೆ ಆಟ. ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ. ನಾವು ಚೆಂಡೆ ಶಬ್ದ ಹಿಡಿದು ಹೋಗಿದ್ದು. ಹೋದವರಿಗೆಲ್ಲ ಊಟ. ಗುರುತಿಲ್ಲ ಪರಿಚಯವಿಲ್ಲ, ಆಟ ಆಡಿಸುವ ಮನೆಯವರೇ ಬಂದು "ಉಂಡ್ಕ ಹೋಯ್ನಿ" ಅಂದರು. ಇವರು ಈ ಸಲ ಜೇಬು ಮುಟ್ಟಲಿಲ್ಲ.

ವ್ಯಾನನ್ನು ಮೇಳದ ಗಾಡಿಯ ಪಕ್ಕದಲ್ಲೇ ನಿಲ್ಲಿಸಿದ್ದೆವು. ಪಾತ್ರ ಮುಗಿಸಿ ಬಣ್ಣ ತೆಗೆದ ಒಬ್ಬ ಕಲಾವಿದರು ಬಂದು ಮಾತಾಡಿಸಿದರು. ಮುಖ ಒರೆಸಿದ್ದರೂ ಕಿವಿಯ ಹಿಂದೆ ಇನ್ನೂ ಕೆಂಪು ಉಳಿದಿತ್ತು. ಮೇಳದ ತಿರುಗಾಟ ನವೆಂಬರಿನಿಂದ ಮೇ ತಿಂಗಳವರೆಗೆ. ದಿನಕ್ಕೊಂದು ಊರು, ರಾತ್ರಿಯೆಲ್ಲ ಕುಣಿತ, ಹಗಲು ಸಿಕ್ಕಲ್ಲಿ ನಿದ್ದೆ. ವ್ಯಾನಿನ ಒಳಗೆ ಇಣುಕಿ ನೋಡಿ, "ಆರು ತಿಂಗಳು ನಮ್ಮದೂ ಇದೇ ಕಥೆ. ಆದರೆ ನಾವು ನಿಮ್ಮ ಹಾಗೆ ಬೇಯಿಸಿಕೊಂಡು ಉಣ್ಣುದಿಲ್ಲ ಮಾರ್ರೆ" ಅಂದರು. ಕಲಿತವರು ಇದನ್ನೆಲ್ಲ ಈಗ ವ್ಯಾನ್ ಲೈಫ್ ಅಂತ ಕರೆಯೋದು ಅವರಿಗೆ ಹೇಳಿದೆ. ಬಹಳ ಹೊತ್ತು ನಕ್ಕರು.

ಈ ದಾರಿಯಲ್ಲಿ ಗಾಡಿಯನ್ನೇ ಮನೆ ಮಾಡಿಕೊಂಡ ಇನ್ನೊಂದು ದೊಡ್ಡ ಬಳಗ ಇದೆ. ಹೊನ್ನಾವರದ ಹತ್ತಿರದ ಒಂದು ಬಂಕಿನಲ್ಲಿ ಸಾಲಾಗಿ ನಿಂತ ಲಾರಿಗಳ ನಡುವೆ ನಾವೂ ಒಂದು ರಾತ್ರಿ ನಿಂತೆವು. ಲಾರಿಯ ಪಕ್ಕದ ಪೆಟ್ಟಿಗೆ ತೆಗೆದರೆ ಒಳಗೆ ಸ್ಟೌ, ಕುಕ್ಕರು, ಅಕ್ಕಿ ಡಬ್ಬ, ಬೆಳ್ಳುಳ್ಳಿ ಕಟ್ಟಿಟ್ಟ ಬಟ್ಟೆ. ನಮ್ಮ ವ್ಯಾನಿನ ಅಡುಗೆಮನೆಗಿಂತ ಅಚ್ಚುಕಟ್ಟು. ಸೇಲಂ ಕಡೆಯ ಒಬ್ಬ ಡ್ರೈವರು ನಮ್ಮ ಗಾಡಿಯ ದಿನದ ಬಾಡಿಗೆ ಎಷ್ಟು ಅಂತ ಕೇಳಿದ. ಇವರು ಹೇಳಿದರು. ಅವನು ತನ್ನ ಹರಕು ಕನ್ನಡದಲ್ಲಿ, "ಗಾಡಿಯಲ್ಲಿ ಮಲಗೋಕೆ ನೀವು ದುಡ್ಡು ಕೊಡ್ತೀರಿ. ನಂಗೆ ದುಡ್ಡು ಕೊಟ್ಟು ಮಲಗಿಸ್ತಾರೆ" ಅಂದ. ಅವನು ಮಾಡಿದ ರಸಂ ನಮ್ಮ ತಟ್ಟೆಗೂ ಬಂತು. ಎಷ್ಟೋ ಲಾರಿಗಳು ಈಗ ರಸ್ತೆ ಬಿಟ್ಟು ರೈಲಿನ ಮೇಲೇ ಹೋಗುತ್ತವೆ. ಕೊಂಕಣ ರೈಲ್ವೆ 1999ರಿಂದ ಹಾಗೆ ಲಾರಿಗಳನ್ನು ಹೊತ್ತು ಸಾಗಿಸುತ್ತಿದೆ, ಈಗ ಸುರತ್ಕಲ್ಲಿನಿಂದ ಮಹಾರಾಷ್ಟ್ರದ ಕೋಲಾಡದವರೆಗೂ. ಡ್ರೈವರು ಕ್ಯಾಬಿನ್ನಿನಲ್ಲೇ ಇರುತ್ತಾನೆ. ರೈಲಿನ ಮೇಲೆ ಗಾಡಿ ಮನೆ, ರೈಲಿನ ಹೊರಗೆ ಸಮುದ್ರ. ಸ್ಟೇರಿಂಗ್ ಹಿಡಿಯದೆ ಕೂತು ಹೋಗುವ ಆ ಒಂದು ದಿನ ಹಬ್ಬ ಅಂದ ಅವನು.

ಮರುದಿನ ಶರಾವತಿ ಸೇತುವೆ ದಾಟುವಾಗ ಇವರು ವ್ಯಾನು ನಿಧಾನ ಮಾಡಿದರು. ಸರ್ವೀಸ್ ಪೂರ್ತಿ ಇವರು ಬಿಲ್ ಮಾಡಿದ ಕರೆಂಟಿನಲ್ಲಿ ದೊಡ್ಡ ಪಾಲು ಈ ನದಿಯದು. ಜೋಗದ ವಿದ್ಯುದಾಗಾರ 1948ರದು, ಲಿಂಗನಮಕ್ಕಿ ಅಣೆಕಟ್ಟು 1964ರದು. ಆ ಕೆಲಸವೆಲ್ಲ ಮುಗಿಸಿ ಬಂದ ನೀರು ಇಲ್ಲಿ ಸದ್ದಿಲ್ಲದೆ, ಅಗಲಕ್ಕೆ ಹರಡಿಕೊಂಡು ನಿಂತಿತ್ತು. "ಇದನ್ನ ನೋಡೇ ಇರಲಿಲ್ಲ ನೋಡು" ಅಂದರು. ಯೂನಿಟ್ ಲೆಕ್ಕ ಮಾತ್ರ ಗೊತ್ತಿತ್ತು ಪಾಪ.

ಅಲ್ಲಿಂದ ಮುಂದೆ ಕುಮಟಾ, ಅಘನಾಶಿನಿ. ಆ ನದಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಶಿರಸಿಯ ಹತ್ತಿರ ಹುಟ್ಟಿ ಯಾರ ತಡೆಯೂ ಇಲ್ಲದೆ ಕಡಲಿಗೆ ಬರುತ್ತೆ. ಇವರ ಇಲಾಖೆಗೆ ಒಂದು ಯೂನಿಟ್ಟನ್ನೂ ಕೊಡದ ನದಿ ಅಂತ ರೇಗಿಸಿದೆ. ಅಘನಾಶಿನಿ ಅನ್ನುವ ಊರಿನಲ್ಲೇ, ದಕ್ಕೆಯ ಹತ್ತಿರದ ಒಂದು ಚಹಾ ಹೋಟೆಲಿನ ಪಕ್ಕ ಗಾಡಿ ನಿಲ್ಲಿಸಿದೆವು. ಜಾಗ ಕೇಳಿದವರು ಈ ಸಲ ಇವರೇ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಮೊದಲು ಚಹಾ ಕುಡಿದರು, ಬನ್ಸ್ ತಿಂದರು, ಹೋಟೆಲಿನವರ ಮಕ್ಕಳು ಎಲ್ಲಿ ಓದುತ್ತಾರೆ ಕೇಳಿದರು, ಆಮೇಲೆ ತಲೆ ಕೆರೆಯುತ್ತಾ ವ್ಯಾನಿನ ಕಡೆ ಕೈ ತೋರಿಸಿದರು. ಹೆಣ್ಣು ಕೇಳೋಕೆ ಹೋದಾಗಲೂ ನಮ್ಮಪ್ಪನ ಹತ್ತಿರ ಇಷ್ಟು ಪೀಠಿಕೆ ಹಾಕಿರಲಿಲ್ಲ.

ಇಳಿತದ ಹೊತ್ತಿಗೆ ಅಳಿವೆಯ ನೀರು ಮೊಣಕಾಲಿಗೆ ಬರುತ್ತೆ. ಗಂಡಸರು ಹೆಂಗಸರು ಬುಟ್ಟಿ ಹಿಡಿದು ಇಳಿದು, ಕಾಲಲ್ಲೇ ತಡಕಿ ಬಳಚು ಅನ್ನುವ ಚಿಪ್ಪುಮೀನು ಹೆಕ್ಕುತ್ತಾರೆ. ಭರತ ಬಂದರೆ ಕೆಲಸ ಮುಗೀತು. ಗಡಿಯಾರ ನೋಡುವವರು ಯಾರೂ ಇಲ್ಲ. ಉಪ್ಪುನೀರು ನುಗ್ಗುವ ಗಜನಿ ಭೂಮಿಯಲ್ಲಿ ಇಲ್ಲಿನವರು ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ. ಆ ತಳಿ ಉಪ್ಪು ತಡೆಯುತ್ತೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ನೀರು ಬಿಟ್ಟು ಸಿಗಡಿ, ಮೀನು. ಆಚೆ ದಡದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ. ಹೊಳೆಯ ಸಿಹಿನೀರು ವರ್ಷಪೂರ್ತಿ ಬಂದು ಕಡಲಿನ ಉಪ್ಪಿಗೆ ಬೆರೆಯುವುದರಿಂದಲೇ ಇದೆಲ್ಲ ನಡೆಯೋದು. 2024ರಲ್ಲಿ ಈ ಅಳಿವೆಯನ್ನು ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿಸಿದರು. ಹೋಟೆಲಿನವರಿಗೆ ಆ ವಿಷಯ ಗೊತ್ತಿತ್ತು, ಆದರೆ ಅವರ ಚಿಂತೆ ಈ ವರ್ಷ ಬಳಚು ಸಣ್ಣದಾಗಿದೆ ಅನ್ನೋದು.

ಗಂಡ ಹೆಂಡತಿ ಆರಡಿ ನಾಲ್ಕಡಿಯಲ್ಲಿ ಇರೋದು ಹೇಗೆ ಅಂತ ನನ್ನ ತಂಗಿ ಕೇಳಿದಳು. ಒಬ್ಬರು ನಿಂತರೆ ಇನ್ನೊಬ್ಬರು ಕೂರಬೇಕು. ನಾನು ಒಗ್ಗರಣೆ ಹಾಕುವಾಗ ಇವರು ಹೊರಗೆ. ಇವರು ಗಡ್ಡ ಹೆರೆಯುವಾಗ ನಾನು ಹೊರಗೆ. ಮೈಸೂರಿನ ಮನೆಯಲ್ಲಿ ಜಗಳವಾದರೆ ಇವರು ಟಿವಿ ಕೋಣೆ, ನಾನು ಅಡುಗೆಮನೆ, ಸಂಜೆವರೆಗೆ ಎಳೆಯಬಹುದು. ಇಲ್ಲಿ ಮುನಿಸಿಕೊಂಡು ಹೋಗೋಕೆ ಇನ್ನೊಂದು ಕೋಣೆ ಇಲ್ಲ. ಹೊರಗೆ ಹೋದರೆ ಯಾರೋ ಒಬ್ಬರು "ಏನಮ್ಮ, ಎಲ್ಲಿಂದ ಬಂದದ್ದು?" ಅಂತ ಶುರು ಮಾಡುತ್ತಾರೆ. ಅವರಿಗೆ ನಗುತ್ತಾ ಉತ್ತರ ಕೊಟ್ಟು ಒಳಗೆ ಬರುವಷ್ಟರಲ್ಲಿ ಸಿಟ್ಟು ಎಲ್ಲಿಗೆ ಬಂದು ನಿಂತಿತ್ತು ಅನ್ನೋದೇ ಮರೆತಿರುತ್ತೆ. ನಿವೃತ್ತಿಯಾದ ಮೇಲೆ ನಮ್ಮ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಇಬ್ಬರೇ ಇದ್ದರೆ ಮಾತು ಜಾಸ್ತಿ ಆಗುತ್ತೆ ಅಂದುಕೊಳ್ಳುತ್ತೇವೆ, ಆಗೋದಿಲ್ಲ. ಮೂರನೆಯವರು ಬೇಕು. ಅವರು ಹೋದ ಮೇಲೆ ಅವರ ಬಗ್ಗೆ ಮಾತಾಡೋಕಾದರೂ.

ಗೋಕರ್ಣದಲ್ಲಿ ಜಾಗ ಸಿಗಲಿಲ್ಲ, ದರ್ಶನ ಮಾಡಿ ಹೊರಟೆವು. ಅಂಕೋಲಾಕ್ಕೆ ಮುಂಚೆ ಶಿರೂರು. 2024ರ ಜುಲೈ 16ರ ಬೆಳಿಗ್ಗೆ ಗುಡ್ಡ ಕುಸಿದದ್ದು ಇಲ್ಲೇ. ಹೆದ್ದಾರಿ ಪಕ್ಕದಲ್ಲಿ ಒಂದು ಚಹಾದ ಅಂಗಡಿ ಇತ್ತು. ಲಾರಿಯವರು ಗಾಡಿ ನಿಲ್ಲಿಸಿ ಚಹಾ ಕುಡಿದು ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತಿದ್ದ ಜಾಗ. ಅಂಗಡಿಯ ಕುಟುಂಬವೂ ಗಾಡಿ ನಿಲ್ಲಿಸಿದ್ದ ಚಾಲಕರೂ ಮಣ್ಣಿನ ಪಾಲಾದರು. ಕೇರಳದ ಕಡೆಗೆ ಮರ ಸಾಗಿಸುತ್ತಿದ್ದ ಒಂದು ಲಾರಿ ಗಂಗಾವಳಿ ನದಿಯ ತಳದಲ್ಲಿ ಎರಡು ತಿಂಗಳ ಮೇಲೆ ಸಿಕ್ಕಿತು, ಚಾಲಕನ ದೇಹದ ಸಮೇತ. ರಸ್ತೆ ಅಗಲ ಮಾಡೋಕೆ ಗುಡ್ಡವನ್ನು ನೆಟ್ಟಗೆ ಕಡಿದದ್ದು ಈಗಲೂ ಗಾಯದಂತೆ ಕಾಣುತ್ತೆ. ಅದಾಗಿ ಒಂದು ತಿಂಗಳೂ ಆಗಿರಲಿಲ್ಲ, ಆಗಸ್ಟಿನಲ್ಲಿ ಕಾರವಾರದ ಹತ್ತಿರ ಕಾಳಿ ನದಿಯ ಹಳೆ ಸೇತುವೆ ಮಧ್ಯರಾತ್ರಿ ಕುಸಿಯಿತು. ಆಗಲೂ ನೀರಿಗೆ ಬಿದ್ದದ್ದು ಒಂದು ಲಾರಿ. ಆ ಚಾಲಕ ಮಾತ್ರ ಬದುಕಿದ. ಹಾಸಿಗೆಯಲ್ಲಿ ಮಲಗಿದವರಿಗೆ ಬೆಳಿಗ್ಗೆ ಅದು ಸುದ್ದಿ. ರಸ್ತೆಯಲ್ಲೇ ಮಲಗುವವರಿಗೆ ಬೇರೆ. ನಾವು ಶಿರೂರಿನಲ್ಲಿ ನಿಲ್ಲಿಸಲಿಲ್ಲ. ಸೇಲಂ ಡ್ರೈವರ ಫೋನ್ ನಂಬರನ್ನು ಇವರು ತೆಗೆದುಕೊಂಡಿದ್ದರು. ಕಾರವಾರ ತಲುಪಿದ ಮೇಲೆ, ನಾನು ಹೇಳದೆಯೇ, ಅವನಿಗೆ ಫೋನ್ ಮಾಡಿ ಎಲ್ಲಿದ್ದೀಯಪ್ಪ ಅಂತ ಕೇಳಿದರು. ರತ್ನಗಿರಿ ದಾಟಿದ್ದನಂತೆ.

ಕಾರವಾರದಲ್ಲಿ ಟಾಗೋರರ ಹೆಸರಿನ ಕಡಲತೀರ. ತಮ್ಮ ಹರೆಯದಲ್ಲಿ ಅವರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ಉಳಿದಿದ್ದರು. ಅವರದೂ ಇನ್ನೊಬ್ಬರ ಮನೆಯೇ ಅಲ್ವಾ ಅಂದೆ. ಇವರು ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದರು, ಹೂಂ ಅಂದರು.

ಬಂದ ಮೇಲೆ ಇವರು ಹಳೆ ಟ್ರಾವೆಲರ್‌ಗಳ ಜಾಹೀರಾತು ನೋಡೋಕೆ ಶುರು ಮಾಡಿದ್ದಾರೆ. ಕೊಂಡು, ನಮಗೆ ಬೇಕಾದ ಹಾಗೆ ಮಾಡಿಸಿಕೊಳ್ಳೋಣ ಅಂತ. ನಾನು ಬೇಡ ಅನ್ನಲಿಲ್ಲ. ಎಸಿ ಬೇಡ, ಆ ಸ್ನಾನದ ಪರದೆ ಬೇಡ. ಪಕ್ಕದ ಬಾಗಿಲಿನ ಹೊರಗೆ ಮಡಚಿ ತೆಗೆಯುವ ಒಂದು ಬೆಂಚು ಬೇಕು, ನಾಲ್ಕು ಜನ ಕೂರುವಷ್ಟು. ವಯಸ್ಸಾದವರು ಹತ್ತಿ ಇಳಿಯೋಕೆ ಒಂದು ಮೆಟ್ಟಿಲು ಬೇಕು. ಮೈಸೂರುಪಾಕಿನ ಡಬ್ಬಗಳಿಗೆ ಬೇರೆ ಗೂಡು ಬೇಕು. ಇವರು ಎಲ್ಲವನ್ನೂ ಹಾಳೆಯಲ್ಲಿ ಬರೆದುಕೊಂಡರು. ಆಮೇಲೆ, ಗಾಡಿಯ ರೂಪ ಬದಲಿಸಿದರೆ ಆರ್‌ಟಿಓ ಒಪ್ಪಿಗೆ ಬೇಕಂತೆ, ಅಲ್ಲಿ ಯಾರಾದರೂ ಗೊತ್ತಿರುವವರು ಇದ್ದಾರಾ ಅಂತ ನಿಮ್ಮ ತಮ್ಮನನ್ನ ಕೇಳು ಅಂದರು.

ನೀವೇ ಕೇಳಿ ಅಂದೆ. ಭಾನುವಾರ ಫೋನ್ ಮಾಡುತ್ತಾರಂತೆ.